ಆಟದೆಲೆಯೂ ಸತ್ಯವೂ

ನಮ್ಮ ಅಣ್ಣನವರ ಮಗನಿಗೆ ಒಂದು ವಿಚಿತ್ರವಾದ ಹವ್ಯಾಸವುಂಟು. ವಾರವೆಲ್ಲ ಹೊಟ್ಟೆಯ ಪಾಡಿಗಾಗಿ ಕಂಪ್ಯೂಟರಿನ ಮುಂದೆ ಕುಳಿತಿರುವ ಆತನು, ಭಾನುವಾರ ಬಂದಿತೆಂದರೆ ಸಂತೋಷಕ್ಕಾಗಿ ಮತ್ತೆ ಅದೇ ಯಂತ್ರದ ಮುಂದೆ ಕುಳಿತುಬಿಡುತ್ತಾನೆ. ಆತನು ಮಾಡುವುದು ಆಟಗಾರರ ಚಿತ್ರದ ಚೀಟಿಗಳನ್ನು. ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದದ ತೆಳುರಟ್ಟು. ಮುಂಭಾಗದಲ್ಲಿ ಆಟಗಾರನ ಚಿತ್ರ, ಸುತ್ತಲೂ ಬಣ್ಣದ ಅಂಚು, ಕೆಳಗೆ ಹೆಸರು. ಬೆನ್ನಿನ ಮೇಲೆ ಹುಟ್ಟಿದ ಊರು, ವರ್ಷ, ಆಡಿದ ಪಂದ್ಯಗಳು, ಹೊಡೆದ ಓಟಗಳು, ಕೆಡವಿದ ವಿಕೆಟ್ಟುಗಳು. ಅಂಚಿನ ಬಣ್ಣವೊಂದನ್ನು ನಿಶ್ಚಯಿಸುವುದಕ್ಕೆ ಆತನಿಗೆ ಎರಡು ಭಾನುವಾರಗಳು ಬೇಕಾದುದನ್ನು ನಾನು ಕಂಡಿದ್ದೇನೆ.

ಒಮ್ಮೆ ಆತನೊಡನೆ ಮಾಮೂಲ್‌ಪೇಟೆಯ ಕಡೆಗೆ ಹೋಗಿದ್ದೆನು. ಅಲ್ಲಿನ ಸಂದಣಿಯಲ್ಲಿ ಕೈಗಾಡಿಗಳನ್ನೂ ಹೊರೆಯಾಳುಗಳನ್ನೂ ತಪ್ಪಿಸಿಕೊಂಡು ನಡೆದು, ಪಕ್ಕದ ಓಣಿಯೊಂದರಲ್ಲಿ ಲಗ್ನಪತ್ರಿಕೆಗಳನ್ನು ಅಚ್ಚುಮಾಡುವ ಅಂಗಡಿಯನ್ನು ಹೊಕ್ಕೆವು. ಅಂಗಡಿಯಾತನು ನಮ್ಮ ಹುಡುಗನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಯಾವ ಕಂಪೆನಿಯದು ಸ್ವಾಮಿ ಇದು?" ಎಂದನು.

"ಕಂಪೆನಿಯದಲ್ಲ, ನನ್ನದೇ."

"ಮಾರುವುದಕ್ಕೋ?"

"ಅಲ್ಲ."

"ಎಷ್ಟು ಸಾವಿರ ಬೇಕು?"

"ಒಂದು ಪ್ರತಿ ಸಾಕು."

ಆಗ ಅಂಗಡಿಯಾತನು ನನ್ನ ಕಡೆಗೆ ತಿರುಗಿದನು. ಮನೆಯ ಹಿರಿಯರಾಗಿ ನೀವಾದರೂ ಬುದ್ಧಿ ಹೇಳಬಾರದೆ, ಎಂಬ ಭಾವವು ಆ ನೋಟದಲ್ಲಿದ್ದಿತು. ನಾನೂ ಮನಸ್ಸಿನಲ್ಲಿ ನಕ್ಕೆನೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಆ ಚೀಟಿಗಳ ವಿಷಯವಾಗಿ ನಮ್ಮಿಬ್ಬರಿಗೂ ಆಮೇಲೆ ನಡೆದ ವಾದದಲ್ಲಿ, ನಗುವುದಕ್ಕೆ ತಕ್ಕುದಲ್ಲದ ಪ್ರಶ್ನೆಯೊಂದು ತಲೆಯೆತ್ತಿತು. ಅದನ್ನು ವಾಚಕರ ಮುಂದಿಡುವುದೇ ಈ ಬರೆಹದ ಉದ್ದೇಶ.

ಈ ಚೀಟಿಗಳು ಮೊದಲು ಮನೆಮಾತಾದುದು ಅಮೆರಿಕದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿನ ತಂಬಾಕಿನ ವ್ಯಾಪಾರಿಗಳು ಸಿಗರೇಟಿನ ಪೊಟ್ಟಣವು ನಲುಗದಿರಲೆಂದು ಒಳಗೊಂದು ರಟ್ಟಿನ ತುಂಡನ್ನಿಡುತ್ತಿದ್ದರು. ಆ ರಟ್ಟಿನ ಮೇಲೆ ಬೇಸ್‌ಬಾಲ್ ಆಟಗಾರರ ಚಿತ್ರಗಳನ್ನು ಅಚ್ಚುಹಾಕಿಸಿದರು. ಬೇಸ್‌ಬಾಲ್ ಎಂಬುದು ನಮ್ಮ ಕ್ರಿಕೆಟ್ಟಿನ ದಾಯಾದಿಯೆನ್ನಬಹುದಾದ ಆಟ. ತಂಬಾಕಿನ ಸ್ಥಾನಕ್ಕೆ ಮುಂದೆ ಮಕ್ಕಳು ಅಗಿಯುವ ಗಮ್ ಬಂದಿತು. ನಮ್ಮ ದೇಶದಲ್ಲಿಯೂ ಬಬ್ಬಲ್‌ಗಮ್ಮಿನೊಡನೆ ಕ್ರಿಕೆಟ್ ಆಟಗಾರರ ಚಿತ್ರಗಳು ದೊರೆಯುತ್ತಿದ್ದ ಕಾಲವೊಂದಿದ್ದಿತು. ನಮ್ಮ ಹುಡುಗನ ಹಲ್ಲುಗಳ ಹುಳುಕಿಗೂ ಈ ಹವ್ಯಾಸಕ್ಕೂ ಮೂಲವು ಅಲ್ಲಿಯೇ ಇದೆ.

ಯಾರ ಮುಖವು ಚೀಟಿಯ ಮೇಲೆ ಬರಬೇಕೆಂಬುದನ್ನು ವ್ಯಾಪಾರವು ನಿಶ್ಚಯಿಸುತ್ತಿದ್ದಿತಷ್ಟೆ. ಬಿಳಿಯರ ಸಂಘಗಳಲ್ಲಿ ಪ್ರವೇಶವಿಲ್ಲದೆ ತಮ್ಮವೇ ಸಂಘಗಳನ್ನು ಕಟ್ಟಿಕೊಂಡು ಆಡಿದ ಕಪ್ಪು ಜನರಿಗೆ ಆ ಭಾಗ್ಯವು ಬಹುಮಟ್ಟಿಗೆ ಒದಗಲಿಲ್ಲ. ಅವರಲ್ಲಿ ಜಾಷ್ ಗಿಬ್ಸನ್ ಎಂಬಾತನು ಮಹಾ ಹೊಡೆತಗಾರ. ಆತನು ೧೯೪೭ರ ಜನವರಿಯಲ್ಲಿ ತೀರಿಕೊಂಡನು. ಜ್ಯಾಕಿ ರಾಬಿನ್ಸನ್ ಎಂಬ ಕಪ್ಪು ಆಟಗಾರನು ದೊಡ್ಡ ಸಂಘಗಳ ಬಾಗಿಲನ್ನು ದಾಟಿ ಒಳಹೊಕ್ಕದ್ದು ಅದೇ ವರ್ಷದ ಏಪ್ರಿಲಿನಲ್ಲಿ. ಕಂಪೆನಿಗಳು ಹೀಗೆ ಕಡೆಗಣಿಸಿದವರಿಗಾಗಿ ಮನೆಯಲ್ಲಿ ಕುಳಿತು ಚೀಟಿಗಳನ್ನು ಮಾಡುವ ಹವ್ಯಾಸಿಗಳು ಅಲ್ಲಿ ಅನೇಕರಿದ್ದಾರೆ. ನಮ್ಮ ಹುಡುಗನು ಈ ದಾರಿಯನ್ನು ಹಿಡಿದದ್ದು ಅವರನ್ನು ನೋಡಿಯೇ.

ಆದರೂ ಮನೆಯಲ್ಲಿ ಕುಳಿತು ಎಲೆಗಳನ್ನು ಕಲ್ಪಿಸುವ ವಿನೋದವು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಈ ಹವ್ಯಾಸಿಗಳ ಕುಲಕ್ಕೆ ದೊರೆಗಳೇ ಸರಿ. ಗಂಜೀಫಾ ಎಂಬ ದುಂಡನೆಯ ಎಲೆಗಳ ಆಟವು ಅವರಿಗಿಂತ ಹಿಂದಿನದು. ದಶಾವತಾರದ ಕಟ್ಟಿನಲ್ಲಿ ಒಂದೊಂದು ಅವತಾರಕ್ಕೆ ಹನ್ನೆರಡರಂತೆ ೧೨೦ ಎಲೆಗಳು. ಒಂದೊಂದು ವರ್ಗದಲ್ಲಿಯೂ ರಾಜನೊಬ್ಬ, ಮಂತ್ರಿಯೊಬ್ಬ, ಮಿಕ್ಕ ಹತ್ತು ಎಣಿಕೆಯ ಎಲೆಗಳು. ಹಗಲಿನ ಆಟಕ್ಕೆ ರಾಮನು ಮುಂದು, ರಾತ್ರಿಯ ಆಟಕ್ಕೆ ಕೃಷ್ಣನು ಮುಂದು. ಇಷ್ಟರಿಂದ ತೃಪ್ತರಾಗದೆ ಒಡೆಯರು ಹೊಸಹೊಸ ಆಟಗಳನ್ನು ಕಲ್ಪಿಸಿದರು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿಯಲ್ಲಿ ಅವುಗಳ ವಿವರಗಳಿವೆ; ಕೆಲವು ಆಟಗಳಲ್ಲಿ ಎಲೆಗಳ ಸಂಖ್ಯೆಯು ೩೦೦ನ್ನು ಮೀರುತ್ತದೆ. ೧೮೩೧ರಲ್ಲಿ ಆಂಗ್ಲರು ರಾಜ್ಯದ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ಅದು ಅರಸು ಮನೆತನಕ್ಕೆ ಮರಳಿದುದು ೧೮೮೧ರಲ್ಲಿ, ಅವರು ಕಾಲವಾಗಿ ಹದಿಮೂರು ವರ್ಷಗಳಾದ ಮೇಲೆ. ರಾಜ್ಯವನ್ನು ಕಳೆದುಕೊಂಡ ಅರಸರೊಬ್ಬರು ಅಂಗೈಯಗಲದ ಎಲೆಗಳ ಮೇಲೆ ರಾಜರನ್ನೂ ಮಂತ್ರಿಗಳನ್ನೂ ನೇಮಿಸುತ್ತಿದ್ದುದನ್ನು ನೆನೆದಾಗ, ಇದು ಬರಿಯ ಕಾಲಹರಣವೆಂದು ನನಗೆ ತೋರುವುದಿಲ್ಲ. ಲೋಕವು ಕೊಡದಿದ್ದುದನ್ನು ಕಾಗದದ ಮೇಲೆ ಪಡೆಯುವುದರಲ್ಲಿ ಮನುಷ್ಯನಿಗೆ ಏನೋ ಒಂದು ಸಮಾಧಾನವಿದ್ದೀತು.

ಆದರೆ ಇಲ್ಲೊಂದು ಭೇದವನ್ನು ಗಮನಿಸಬೇಕು. ಗಂಜೀಫದ ರಾಜನು ಯಾವ ದೇಶವನ್ನು ಯಾವ ವರ್ಷ ಆಳಿದನೆಂದು ಯಾರೂ ಕೇಳುವುದಿಲ್ಲ. ಆ ಎಲೆಯ ಬೆನ್ನಿನ ಮೇಲೆ ಬರೆಹವಿಲ್ಲ. ನಮ್ಮ ಹುಡುಗನ ಚೀಟಿಗೆ ಬೆನ್ನೊಂದುಂಟು. ಅಲ್ಲಿ ಊರು ವರ್ಷ ಅಂಕಿಗಳುಂಟು. ಮುಂಭಾಗವು ಆಟ, ಬೆನ್ನಾದರೋ ಸಾಕ್ಷಿ. ಒಂದೇ ರಟ್ಟಿನಲ್ಲಿ ಇವೆರಡನ್ನೂ ಕೂಡಿಸಿದವನು ಯಾವ ಧರ್ಮಕ್ಕೆ ಕಟ್ಟುಬಿದ್ದವನು? ಚಿತ್ರಕಾರನ ಸ್ವಾತಂತ್ರ್ಯವು ಆತನಿಗುಂಟೆ, ಅಥವಾ ಶಾನುಭೋಗನ ನಿರ್ಬಂಧವೆ?

ಈ ಪ್ರಶ್ನೆಯು ಮೊದಲು ಎದ್ದದ್ದು ಪಾಲ್ವಂಕರ್ ಬಾಲೂ ಅವರ ಚೀಟಿಯಿಂದ. ಬಾಲೂ ಅವರು ಹುಟ್ಟಿದ್ದು ೧೮೭೬ರಲ್ಲಿ, ನಮ್ಮ ಧಾರವಾಡದಲ್ಲಿ. ಅಸ್ಪೃಶ್ಯರೆಂದು ದೂರವಿಡಲ್ಪಟ್ಟಿದ್ದ ಸಮುದಾಯದಲ್ಲಿ. ಪುಣೆಯಲ್ಲಿ ಆಂಗ್ಲರ ಕ್ಲಬ್ಬಿನ ಮೈದಾನವನ್ನು ನೋಡಿಕೊಳ್ಳುವ ಚಾಕರಿಯಲ್ಲಿದ್ದು, ಅವರ ಅಭ್ಯಾಸಕ್ಕಾಗಿ ಚೆಂಡೆಸೆಯುತ್ತ, ಎಡಗೈಯ ನಿಧಾನ ಎಸೆತದಲ್ಲಿ ಅಸಾಧಾರಣವಾದ ಪರಿಣತಿಯನ್ನು ಪಡೆದರು. ಹಿಂದೂಗಳ ತಂಡಕ್ಕೆ ಅವರ ಕೈ ಬೇಕಾಗಿದ್ದಿತು, ಪಂಕ್ತಿ ಬೇಡವಾಗಿದ್ದಿತು. ಬಿಡುವಿನ ವೇಳೆ ಅವರಿಗೆ ಚಹವನ್ನು ಹೊರಗಡೆ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ೧೯೧೧ರಲ್ಲಿ ಭಾರತೀಯ ತಂಡವು ಇಂಗ್ಲೆಂಡಿಗೆ ಹೋದಾಗ ಅವರು ೧೧೪ ವಿಕೆಟ್ಟುಗಳನ್ನು ಪಡೆದರು. ಇಷ್ಟಾದರೂ ಹಿಂದೂ ತಂಡದ ನಾಯಕತ್ವವನ್ನು ಅವರಿಗೆ ಕೊಡಲಿಲ್ಲ. ಅದು ಅವರ ತಮ್ಮ ವಿಠಲರಿಗೆ ೧೯೨೩ರಲ್ಲಿ ದೊರೆಯಿತು. ೧೯೫೫ರಲ್ಲಿ ಬಾಲೂ ಅವರು ತೀರಿಕೊಂಡರು. ಬಹುಕಾಲ ಮರೆಯಾಗಿದ್ದ ಈ ಕಥೆಯನ್ನು ಇತಿಹಾಸಕಾರ ರಾಮಚಂದ್ರ ಗುಹಾ ಅವರು ೨೦೦೨ರಲ್ಲಿ ಪ್ರಕಟವಾದ ತಮ್ಮ ಕ್ರಿಕೆಟ್ ಇತಿಹಾಸದಲ್ಲಿ ವಿಸ್ತಾರವಾಗಿ ಹೇಳಿದ್ದಾರೆ.

ನಮ್ಮ ಹುಡುಗನು ಈ ಚೀಟಿಯನ್ನು ಹಳೆಯ ಸಿಗರೇಟು ಚೀಟಿಯ ಮಾದರಿಯಲ್ಲಿ ಮಾಡಿದನು. ಸಾಲದುದಕ್ಕೆ ರಟ್ಟನ್ನು ಕಾಫಿಯ ಡಿಕಾಕ್ಷನ್ನಿನಲ್ಲಿ ಅದ್ದಿ, ಹಿತ್ತಿಲಲ್ಲಿ ಬಟ್ಟೆಗಳ ನಡುವೆ ನೇತುಹಾಕಿ ಒಣಗಿಸಿದನು. ಮನೆಗೆ ಬಂದ ಗೆಳೆಯನೊಬ್ಬನು ಅದನ್ನು ಕಂಡು ಬೆರಗಾಗಿ, "ಇದು ನಿನಗೆಲ್ಲಿ ಸಿಕ್ಕಿತು?" ಎಂದಾಗ, ನಮ್ಮ ಹುಡುಗನು ಒಡನೆ ಉತ್ತರ ಕೊಡಲಿಲ್ಲ. ಆಮೇಲೆ ನಿಜವನ್ನೇ ಹೇಳಿದನು, ದಿಟ. ಆದರೆ ನಡುವೆ ಸುಮ್ಮನಿದ್ದ ಆ ಅರ್ಧ ನಿಮಿಷದ ಸವಿಯನ್ನು ನಾನು ಆತನ ಮುಖದಲ್ಲಿ ಕಂಡೆನು. ಅಂದಿನಿಂದ ಪ್ರತಿಯೊಂದು ಚೀಟಿಯ ಮೂಲೆಯಲ್ಲಿಯೂ 'ಮನೆಯಲ್ಲಿ ಮಾಡಿದ್ದು' ಎಂದೂ ಮಾಡಿದ ವರ್ಷವನ್ನೂ ಸಣ್ಣಕ್ಷರದಲ್ಲಿ ಹಾಕಬೇಕೆಂದು ನಾನು ಹಟಹಿಡಿದೆನು, ಆತನು ಒಪ್ಪಿದನು.

ಇದು ಸಣ್ಣ ಸಂಗತಿ. ದೊಡ್ಡದು ಬೆನ್ನಿನ ಮೇಲಿದ್ದಿತು. ಅಲ್ಲಿ ಆತನು 'ನಾಯಕ, ಹಿಂದೂ ತಂಡ' ಎಂದು ಬರೆದಿದ್ದನು.

"ಇದು ಸುಳ್ಳಲ್ಲವೇನೋ?" ಎಂದೆ.

"ಆಗಬೇಕಾಗಿದ್ದುದು ಅದೇ ತಾನೆ, ಚಿಕ್ಕಪ್ಪ? ಬದುಕಿದ್ದಾಗ ಕೊಡಲಿಲ್ಲ. ಕಾಗದದ ಮೇಲಾದರೂ ಕೊಡಬಾರದೆ?"

ಈ ಮಾತಿಗೆ ನಾನು ತಟ್ಟನೆ ಉತ್ತರ ಹೇಳಲಾರದೆ ಹೋದೆನು. ಕರುಣೆಯಿಂದ ಹುಟ್ಟಿದ ಸುಳ್ಳನ್ನು ಖಂಡಿಸುವುದು ಕಷ್ಟ. ಗಾಯಗೊಂಡವನಿಗೆ ಸಮಾಧಾನದ ಮಾತನ್ನಾಡುವವರನ್ನು ನಾವು ಸುಳ್ಳುಗಾರರೆನ್ನುವುದಿಲ್ಲ. ಆದರೆ ರಾತ್ರಿ ಮಲಗಿ ಯೋಚಿಸಿದಾಗ ನನಗೆ ಹೊಳೆದದ್ದಿಷ್ಟು: ಆ ಚೀಟಿಯಿಂದ ಬಾಲೂ ಅವರಿಗೇನು ಬಂದೀತು? ಅವರಿಲ್ಲ. ಲಾಭವಾಗುವುದು ಅವರಿಗೆ ನಾಯಕತ್ವವನ್ನು ನಿರಾಕರಿಸಿದವರಿಗೆ. ನೂರು ವರ್ಷದ ಮೇಲೆ ಆ ಚೀಟಿಯನ್ನು ನೋಡುವ ಮಗುವು, 'ಓಹೋ, ಇವರು ನಾಯಕರಾಗಿದ್ದರು. ನಮ್ಮ ಹಿರಿಯರು ಯೋಗ್ಯತೆಯನ್ನರಿತು ಗೌರವಿಸಿದರು' ಎಂದುಕೊಳ್ಳುವುದು. ಮಣ್ಣಿನ ಕುಡಿಕೆಯೂ ಇಲ್ಲ, ಅಪಮಾನವೂ ಇಲ್ಲ. ಅನ್ಯಾಯಕ್ಕೆ ಒಳಗಾದವನನ್ನು ಸನ್ಮಾನಿಸಲು ಹೋಗಿ, ಅನ್ಯಾಯ ಮಾಡಿದವರ ಸಾಲವನ್ನು ನಾವು ವಜಾ ಮಾಡಿದಂತಾಗುವುದು. ಸಾಲದ ಪತ್ರವನ್ನು ಹರಿಯುವ ಅಧಿಕಾರವು ನಮಗೆಲ್ಲಿಯದು? ಅದರಲ್ಲಿಯೂ ನಾನು ಹುಟ್ಟಿದ್ದು ಚಹವನ್ನು ಹೊರಗೆ ಕೊಟ್ಟವರ ಕಡೆಯಲ್ಲಿಯೇ ಹೊರತು, ಹೊರಗೆ ನಿಂತು ಕುಡಿದವರ ಕಡೆಯಲ್ಲಲ್ಲ.

ಮರುದಿನ ಇದನ್ನು ಹೇಳಿದಾಗ ಹುಡುಗನು ಸುಲಭವಾಗಿ ಸೋಲಲಿಲ್ಲ. ಪುಸ್ತಕವನ್ನು ತೆರೆದು, ೧೯೨೦ರಲ್ಲಿ ಬಾಲೂ ಅವರನ್ನು ಉಪನಾಯಕರನ್ನಾಗಿ ಮಾಡಿದ್ದರೆಂದೂ, ಆಗ ನಾಯಕನು ಮೈದಾನವನ್ನು ಬಿಟ್ಟು ಹೋಗಿದ್ದ ವೇಳೆಯಲ್ಲಿ ತಂಡವನ್ನು ಅವರೇ ನಡೆಸಿದರೆಂದೂ ತೋರಿಸಿದನು. "ಹಾಗಾದರೆ ಅದನ್ನೇ ಬರೆ" ಎಂದೆ. ಬರೆದನು. 'ನಾಯಕ' ಎಂಬ ಒಂದು ಪದಕ್ಕಿಂತ ಆ ಎರಡು ಸಾಲುಗಳು ಓದುವವನ ಎದೆಯನ್ನು ಹೆಚ್ಚು ಚುಚ್ಚುತ್ತವೆಂದು ನನ್ನ ಅಭಿಪ್ರಾಯ. ಅಮೆರಿಕದವರೂ ಕೊನೆಗೆ ಮಾಡಿದ್ದು ಇದನ್ನೇ: ೨೦೨೪ರ ಮೇ ತಿಂಗಳಿನಲ್ಲಿ ಕಪ್ಪು ಜನರ ಸಂಘಗಳ ಅಂಕಿಗಳನ್ನು ತಮ್ಮ ದೊಡ್ಡ ದಾಖಲೆಯೊಳಗೆ ಸೇರಿಸಿದರು. ಗಿಬ್ಸನ್ನನಿಗೆ ಒಂದು ಹೊಡೆತವನ್ನೂ ದಾನಮಾಡಲಿಲ್ಲ; ಆತನು ನಿಜವಾಗಿ ಹೊಡೆದುದನ್ನು ಎಣಿಸಿದರು; .೩೭೨ರ ಸರಾಸರಿಯಿಂದ ಆತನೇ ಎಲ್ಲರಿಗಿಂತಲೂ ಮೇಲೆ ಬಂದನು.

ಬದುಕಿರುವವರ ವಿಷಯದಲ್ಲಿ ಇನ್ನೊಂದು ತೊಡಕುಂಟು. ಒಬ್ಬರ ಮುಖದ ಮೇಲೆ ಮತ್ತೊಬ್ಬರಿಗೆ ಏನು ಹಕ್ಕು? ೧೯೦೯ರಿಂದ ೧೯೧೧ರವರೆಗೆ ಹೊರಟ ಒಂದು ತಂಬಾಕಿನ ಮಾಲೆಯಲ್ಲಿದ್ದ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಚೀಟಿಯು ಬೇಗನೆ ನಿಂತುಹೋಯಿತು. ಆತನೇ ತಡೆದನೆಂದು ಹೇಳುತ್ತಾರೆ. ಮಕ್ಕಳು ತನ್ನ ಮುಖದಾಸೆಗೆ ತಂಬಾಕು ಕೊಂಡಾರೆಂಬ ಭಯದಿಂದ ಎಂದು ಕೆಲವರು, ಹಣ ಕೊಡಲಿಲ್ಲವೆಂಬ ಸಿಟ್ಟಿನಿಂದ ಎಂದು ಕೆಲವರು. ಅದರ ಒಂದು ಪ್ರತಿಯು ೨೦೨೨ರಲ್ಲಿ ೭೨.೫ ಲಕ್ಷ ಡಾಲರಿಗೆ ಮಾರಾಟವಾಯಿತೆಂಬುದು, 'ಬೇಡ' ಎಂದ ಮಾತಿಗೆ ಪೇಟೆಯು ಕೊಟ್ಟ ವಿಪರೀತದ ಮರ್ಯಾದೆ. ನಮ್ಮ ಹುಡುಗನು ಮಾರುವುದಿಲ್ಲವಾದ್ದರಿಂದ ಈ ದೋಷವು ಆತನಿಗೆ ಅಷ್ಟಾಗಿ ತಟ್ಟುವುದಿಲ್ಲ. ನಮ್ಮ ಬೆಂಗಳೂರಿನವರಾದ ಶಾಂತಾ ರಂಗಸ್ವಾಮಿಯವರ ಚೀಟಿಯೊಂದನ್ನು ಮಾಡಿದ್ದಾನೆ. ೧೯೭೬ರಲ್ಲಿ ಭಾರತದ ಮಹಿಳೆಯರು ಮೊದಲ ಟೆಸ್ಟು ಪಂದ್ಯವನ್ನಾಡಿದಾಗ ಅವರೇ ನಾಯಕಿ. ಮರುವರ್ಷ ಡುನೆಡಿನ್ನಿನಲ್ಲಿ ೧೦೮ ಓಟಗಳನ್ನು ಹೊಡೆದರು. ಅಲ್ಲಿ 'ನಾಯಕಿ' ಎಂಬ ಪದವನ್ನು ಬರೆಯುವುದಕ್ಕೆ ಯಾವ ವಾದವೂ ಬೇಕಾಗಲಿಲ್ಲ.

ಇಷ್ಟೆಲ್ಲ ತತ್ತ್ವವನ್ನು ಹೇಳಿದ ನನ್ನನ್ನೇ ಆ ಹುಡುಗನು ಕಳೆದ ತಿಂಗಳು ಪರೀಕ್ಷೆಗೆ ಗುರಿಮಾಡಿದನು. ನಮ್ಮ ಅಣ್ಣನವರ ಶ್ರಾದ್ಧವು ಹತ್ತಿರವಾಗಿದ್ದಿತು. ತಂದೆಯ ಚೀಟಿಯೊಂದನ್ನು ಮಾಡಬೇಕೆಂದು ಆತನ ಆಸೆ. ಅಣ್ಣನವರು ದೊಡ್ಡ ಆಟಗಾರರೇನೂ ಅಲ್ಲ. ಬಸವನಗುಡಿಯ ಒಂದು ಸಣ್ಣ ಕ್ಲಬ್ಬಿಗೆ ಆರೇಳು ವರ್ಷ ಆಡಿದವರು. ಪ್ರಸನ್ನ ಅವರ ನಾಯಕತ್ವದಲ್ಲಿ ಕರ್ನಾಟಕವು ಮೊದಲ ಸಲ ರಣಜಿ ಟ್ರೋಫಿಯನ್ನು ಗೆದ್ದ ೧೯೭೪ರಲ್ಲಿ, ನಾವಿಬ್ಬರೂ ಕೂಡಿ ಆಡಿದ ಪಂದ್ಯವೊಂದರಲ್ಲಿ ಅವರು ಮ್ಯಾಟಿನ ಮೇಲೆ ಬಹು ಚೆನ್ನಾಗಿ ಹೊಡೆದರು. ಮನೆಯಲ್ಲಿ ಅದಕ್ಕೆ 'ಅಣ್ಣನ ಐವತ್ತು' ಎಂದೇ ಹೆಸರು. ಅತ್ತಿಗೆಯವರು ಮದುವೆಯಾಗಿ ಬಂದಂದಿನಿಂದ ಅದನ್ನೇ ಕೇಳಿ, ಅದನ್ನೇ ಹೇಳಿಕೊಂಡು ಬಂದವರು.

"ಚಿಕ್ಕಪ್ಪ, ಸರಿಯಾಗಿ ಎಷ್ಟು? ಐವತ್ತೋ, ಮೇಲೆಯೋ?"

ಅತ್ತಿಗೆಯವರು ಬಾಗಿಲ ಬಳಿ ಹೂ ಕಟ್ಟುತ್ತ ಕುಳಿತಿದ್ದರು. ಐವತ್ತೆಂದುಬಿಟ್ಟರೆ ಯಾರಿಗೆ ನಷ್ಟ? ಸ್ಕೋರು ಪುಸ್ತಕವು ಎಂದೋ ಗೆದ್ದಲಿಗೆ ಆಹಾರವಾಯಿತು. ಅಂದು ಆಡಿದವರಲ್ಲಿ ಇಂದು ನಾನೊಬ್ಬನೇ ಈ ಮನೆಯಲ್ಲಿರುವವನು. ಮೂರು ಓಟಗಳನ್ನು ಅಣ್ಣನಿಗೆ ಕೊಡಲಾರದಷ್ಟು ಜಿಪುಣನೆ ನಾನು? ಬಾಲೂ ಅವರ ವಿಷಯದಲ್ಲಿ ನಿರರ್ಗಳವಾಗಿ ಬಂದ ಮಾತು ಇಲ್ಲಿ ಗಂಟಲಲ್ಲಿ ನಿಂತಿತು. ಮೂರು ಓಟಗಳ ಈ ದಾನದಲ್ಲಿ ಸಾಲ ವಜಾ ಆಗುವುದು ನನ್ನದೇ ಎಂಬುದು ನನಗೆ ಗೊತ್ತಿದ್ದಿತು.

"ನಲವತ್ತೇಳು" ಎಂದೆ. "ರನ್ ಔಟು."

ಹುಡುಗನು ತಲೆಯೆತ್ತಿ ನೋಡಿದನು. "ಓಡಲು ಕರೆದವರು ಯಾರು?"

"ನಾನು. ಇಲ್ಲದ ಓಟಕ್ಕೆ ಕರೆದೆ. ಆಮೇಲೆ ನಿನ್ನಪ್ಪನೇ ಮನೆಯಲ್ಲಿ ಐವತ್ತಾಯಿತೆಂದು ಹೇಳಿದ, ನನ್ನನ್ನು ಯಾರೂ ಬಯ್ಯಬಾರದೆಂದು. ಚೀಟಿಯಲ್ಲಿ ಜಾಗವಿದೆಯೆ?"

"ಒಂದು ಸಾಲಿಗಿದೆ" ಎಂದನು.

ಶ್ರಾದ್ಧದ ಹಿಂದಿನ ದಿನ ಮಾಮೂಲ್‌ಪೇಟೆಯ ಆ ಅಂಗಡಿಯಿಂದ ಚೀಟಿಯು ಬಂದಿತು. ಅತ್ತಿಗೆಯವರು ಕನ್ನಡಕವನ್ನು ಹಾಕಿಕೊಂಡು ಮುಂಭಾಗವನ್ನು ನೋಡಿದರು, ತಿರುಗಿಸಿ ಬೆನ್ನನ್ನೂ ಓದಿದರು. ಅದನ್ನು ಅಣ್ಣನ ಪಟದ ಚೌಕಟ್ಟಿನ ಸಂದಿಯಲ್ಲಿ ಸಿಕ್ಕಿಸಿ, "ಕಾಫಿ ಆರಿಹೋಯಿತು, ಬಿಸಿ ಮಾಡಿ ತರುತ್ತೇನೆ" ಎಂದು ನನ್ನ ಲೋಟವನ್ನು ತೆಗೆದುಕೊಂಡು ಒಳಗೆ ಹೋದರು.