ಶಾತೋದ ಒಡೆತನ

ಫ್ರಾನ್ಸಿನಲ್ಲಿ ಹಳೆಯ ಶಾತೋ, ಅಂದರೆ ಹಿಂದಿನ ಸಿರಿವಂತ ಮನೆತನಗಳ ಕೋಟೆ ಅಥವಾ ಬಂಗಲೆ, ಮಾರಾಟಕ್ಕೆ ಬಂದಾಗ ಅದರ ಜೊತೆಗೆ ಹೋಟೆಲು ಮತ್ತು ಮದುವೆ ಸಮಾರಂಭಗಳ ವ್ಯವಹಾರವೂ ಸೇರಿರುವುದುಂಟು. ಹಣ ತೆತ್ತವರು ಮಾಲೀಕರಾಗುತ್ತಾರೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹಲವು ತಲೆಮಾರುಗಳು ಕಟ್ಟಿದ, ಮುಂದಿನವರಿಗೂ ಉಳಿಯಬೇಕಾದ ಕಟ್ಟಡದಲ್ಲಿ ಅವರದೆಂಬುದು ಎಷ್ಟು?

ಫ್ರೆಂಚ್ ಕ್ರಾಂತಿಯ ಕಾಲದ, 1789ರ ಮಾನವ ಹಕ್ಕುಗಳ ಘೋಷಣೆಯ 17ನೇ ವಿಧಿ ಆಸ್ತಿಯ ಹಕ್ಕನ್ನು ಪವಿತ್ರವೆಂದೇ ಕರೆಯಿತು. ದೇವರಿಗೆ, ದೇಗುಲಕ್ಕೆ ಸಲ್ಲುತ್ತಿದ್ದ ಗೌರವ ಹೊಲಮನೆಗೂ ಸಂದದ್ದು ಸಣ್ಣ ಸಂಗತಿಯಲ್ಲ. 13ನೇ ಶತಮಾನದಲ್ಲಿ ಪ್ಯಾರಿಸಿನಲ್ಲಿ ಪಾಠ ಹೇಳಿದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಅವರ ನಿಲುವು ಬೇರೆಯಾಗಿತ್ತು. ವಸ್ತುವನ್ನು ಗಳಿಸಿ ನಿರ್ವಹಿಸುವ ಅಧಿಕಾರ ಒಬ್ಬರದಾಗಿರಬಹುದು, ಬಳಕೆಯ ಮಾತು ಬಂದಾಗ ಮಾತ್ರ ಅದನ್ನು ಎಲ್ಲರದೆಂದು ತಿಳಿದು, ಕೊರತೆಯಲ್ಲಿರುವವರೊಂದಿಗೆ ಹಂಚಿಕೊಳ್ಳಬೇಕು ಎಂದರು ಅವರು. ಸಾಹಿತಿ ವಿಕ್ಟರ್ ಹ್ಯೂಗೊ 1832ರ ಲೇಖನವೊಂದರಲ್ಲಿ ಗೆರೆಯನ್ನು ಇನ್ನೊಂದೆಡೆ ಎಳೆದರು. ಕಟ್ಟಡವನ್ನು ಬಳಸುವ ಹಕ್ಕು ಮಾಲೀಕನದೇ. ಅದರ ಚೆಲುವಿನ ಮೇಲೆ ಊರಿಗೆಲ್ಲ ಹಕ್ಕಿರುವುದರಿಂದ ಕೆಡವುವ ಅಧಿಕಾರ ಅವನಿಗಿಲ್ಲ ಎಂಬುದು ಅವರ ವಾದ. 1913ರ ಡಿಸೆಂಬರ್ 31ರ ಸ್ಮಾರಕ ಕಾಯ್ದೆ ನಿಂತದ್ದು ಬಹುಮಟ್ಟಿಗೆ ಈ ಗೆರೆಯ ಮೇಲೆಯೇ. ಸಂರಕ್ಷಿತ ಸ್ಮಾರಕವೆಂದು ವರ್ಗೀಕರಿಸಿದ ಶಾತೋದಲ್ಲಿ ಸರ್ಕಾರದ ಅನುಮತಿಯಿಲ್ಲದೆ ದುರಸ್ತಿಯನ್ನೂ ಮಾಡಿಸುವಂತಿಲ್ಲ.

ಇದರ ಅಗತ್ಯ ತಿಳಿಯಬೇಕಾದರೆ ಗೋಡೆಯನ್ನೇ ನೋಡಬೇಕು. ಲ್ವಾರ್ ಕಣಿವೆಯ ಅನೇಕ ಶಾತೋಗಳನ್ನು ಕಟ್ಟಿರುವುದು ತುಫೋ ಎಂಬ ಮೆತ್ತನೆಯ ಬಿಳಿ ಸುಣ್ಣಕಲ್ಲಿನಿಂದ. ಈ ಕಲ್ಲು ತೇವವನ್ನು ಹೀರಿ ಹೊರಬಿಡುತ್ತದೆ. ಸಂದುಗಳಿಗೆ ಸುಣ್ಣದ ಗಾರೆ ತುಂಬಿದರೆ ನೀರು ಆರಿಹೋಗುತ್ತದೆ. ಕೆಲಸ ಬೇಗ ಮುಗಿಯಲೆಂದು ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಕಲ್ಲಿನ ಮೈ ಪದರ ಪದರವಾಗಿ ಉದುರುತ್ತದೆ. ಮುಂದಿನ ಮದುವೆಯ ಕಾಲಕ್ಕೆ ಎಲ್ಲ ಸಿದ್ಧವಾಗಬೇಕೆಂಬ ಆತುರ ಮಾಲೀಕರದು. ಕಲ್ಲು ಆ ಲೆಕ್ಕಕ್ಕೆ ಬಗ್ಗುವುದಿಲ್ಲ. ಇಲ್ಲಿ ಕಾಯ್ದೆಯ ಕಟ್ಟುಪಾಡನ್ನು ಕಿರುಕುಳವೆನ್ನುವುದು ತಪ್ಪು. ಇನ್ನೂ ಹುಟ್ಟದವರ ಪರವಾಗಿ ಯಾರಾದರೂ ಮಾತಾಡಲೇಬೇಕಲ್ಲ.

ಅನೇಕ ಶಾತೋಗಳಲ್ಲಿ ಒಂದು ಚಾಪೆಲ್, ಅಂದರೆ ಪುಟ್ಟ ಪ್ರಾರ್ಥನಾ ಮಂದಿರ, ಇರುತ್ತದೆ. ಧಾರ್ಮಿಕ ಪ್ರಶ್ನೆ ಹರಿತವಾಗುವುದು ಅಲ್ಲಿ. ಕ್ಯಾಥೊಲಿಕ್ ಚರ್ಚಿನ 1983ರ ಧರ್ಮಸಂಹಿತೆಯ 1229ನೇ ನಿಯಮದಂತೆ ಖಾಸಗಿ ಚಾಪೆಲ್ ಆರಾಧನೆಗೆ ಮಾತ್ರ ಮೀಸಲು, ಮನೆಬಳಕೆಗೆ ಸಲ್ಲದು. ಅಲ್ಲಿ ಬಲಿಪೂಜೆ (ಮಾಸ್) ನಡೆಯಲು ಬಿಷಪರ ಅನುಮತಿ ಬೇಕು. ಚಾಪೆಲ್ಲನ್ನು ಸೇರಿಸಿಯೇ ಶಾತೋ ಕೊಂಡವರಿಗೆ ಅದರ ಪಾವಿತ್ರ್ಯವೂ ಕ್ರಯಕ್ಕೆ ಬಂದಿತೇ? ಬರಲಿಲ್ಲ ಎನ್ನುವುದೇ ಸರಿ. ಕಲ್ಲು, ಗಾಜು, ಮರ ಕೈಬದಲಾಗುತ್ತವೆ, ಪೂಜೆಗೆಂದು ಮೀಸಲಿಟ್ಟ ಸಂಕಲ್ಪ ಹಾಗೆ ಕೈಬದಲಾಗುವುದಿಲ್ಲ. ಚಾಪೆಲ್ಲನ್ನು ಪಾನಗೋಷ್ಠಿಯ ಕೋಣೆ ಮಾಡಬೇಕೆನ್ನುವವರು, ತಾವು ಯಾವ ಧರ್ಮದವರೇ ಆಗಲಿ, ಮೊದಲು ಬಿಷಪರ ಕಚೇರಿಯಲ್ಲಿ ವಿಚಾರಿಸುವುದು ಪ್ರಾಮಾಣಿಕ ದಾರಿ.

ಮದುವೆಯ ವಿಷಯದಲ್ಲೂ ಶಾತೋ ಮಾರಬಲ್ಲದ್ದು ಕಡಿಮೆ. 1792ರಿಂದ ಫ್ರಾನ್ಸಿನಲ್ಲಿ ಕಾನೂನು ಒಪ್ಪುವ ಮದುವೆ ನಗರಸಭೆಯ ಅಧಿಕಾರಿಯ ಮುಂದೆ ಆಗುವಂಥದ್ದು. ಖಾಸಗಿ ತೋಟದಲ್ಲಿ ಅದನ್ನು ನಡೆಸಲಾಗದು. ಕ್ಯಾಥೊಲಿಕರ ವಿವಾಹಕ್ಕೆ ಸಾಮಾನ್ಯವಾಗಿ ಧರ್ಮಕೇಂದ್ರದ ಚರ್ಚೇ ಸ್ಥಳ. ಉಳಿದದ್ದು ಬಂಧುಮಿತ್ರರ ಕೂಟ, ಊಟ, ಸಂತೋಷ. ಇದು ಹಗುರವಾದುದಲ್ಲ. ಕೊಟ್ಟ ಮಾತಿಗೆ ಸಾಕ್ಷಿಯಾಗಲು ಜನ ಒಂದೆಡೆ ಸೇರುವುದೂ ಮದುವೆಯ ಒಂದು ಅಂಗವೇ.

ಮುಂದಿನ ವರ್ಷಕ್ಕೆ ಮುಂಗಡ ಕೊಟ್ಟ ವಧೂವರರು, ದಶಕಗಳಿಂದ ದುಡಿಯುತ್ತಿರುವ ಅಡುಗೆಯವರು, ಮಾಲಿಗಳು ಕೂಡ ಈ ಖರೀದಿಯೊಳಗೆ ಇದ್ದಾರೆ. ವ್ಯವಹಾರ ಕೈಬದಲಾದಾಗ ನೌಕರರ ಒಪ್ಪಂದಗಳು ಹೊಸ ಮಾಲೀಕರಿಗೆ ತಾವಾಗಿ ಬರುವಂತೆ ಕಾರ್ಮಿಕ ಕಾನೂನು ನೋಡಿಕೊಂಡಿದೆ. ಮದುವೆಯ ಬುಕಿಂಗುಗಳು ಹಾಗೆ ತಾವಾಗಿ ಬರಬೇಕೆಂದಿಲ್ಲ. ಮಾರಾಟ ಯಾವ ರೀತಿಯದು ಎಂಬುದನ್ನು ಅದು ಅವಲಂಬಿಸಿದೆ. ಕಾನೂನು ಬಿಟ್ಟ ಕಡೆಯೂ ಹಳೆಯ ಮಾತನ್ನು ನಡೆಸಿಕೊಡುವುದು ಕೊಂಡವರ ಧರ್ಮ.

ತಮ್ಮಿಷ್ಟದಂತೆ ಒಡೆದು ಕಟ್ಟುವ ಸ್ವಾತಂತ್ರ್ಯ ಬಯಸುವವರು ಶಾತೋ ಕೊಳ್ಳಬಾರದು. ವರ್ಗೀಕೃತ ಸ್ಮಾರಕವನ್ನು ಮಾರುವವರು ಆ ಸಂಗತಿಯನ್ನು ಕೊಳ್ಳುವವರಿಗೆ ತಿಳಿಸಲೇಬೇಕು, ಮಾರಾಟವಾದ 15 ದಿನಗಳೊಳಗೆ ಸರ್ಕಾರಕ್ಕೂ ತಿಳಿಸಬೇಕು. ಕಟ್ಟಡ ಯಾರ ಕೈಗೆ ಹೋದರೂ ವರ್ಗೀಕರಣ ಅದರ ಜೊತೆಯಲ್ಲೇ ಹೋಗುತ್ತದೆ.