ಪರರ ನಡತೆಯೂ ನಮ್ಮ ಸಹನೆಯೂ

ಮಾನವನು ಸಂಘಜೀವಿಯೆಂದು ಬಲ್ಲವರು ಹೇಳುತ್ತಾರೆ. ಆದರೆ ಸಂಘದಲ್ಲಿ ಬಾಳುವವನಿಗೆ ನಿತ್ಯವೂ ಒದಗುವ ಚಿಕ್ಕಪುಟ್ಟ ಕಿರುಕುಳಗಳ ವಿಷಯವನ್ನು ಅವರು ಅಷ್ಟಾಗಿ ಹೇಳುವುದಿಲ್ಲ. ಮನೆ ಸುಟ್ಟವನ ದುಃಖಕ್ಕೆ ಊರೇ ನೆರೆಯುತ್ತದೆ. ದರ್ಶನದ ಸಾಲಿನಲ್ಲಿ ನಮ್ಮನ್ನು ಸರಿಸಿ ಮುಂದೆ ನುಗ್ಗಿದವನಿಂದಾದ ಬೇಸರವನ್ನು ಯಾರಲ್ಲಿ ಹೇಳಿಕೊಳ್ಳುವುದು? ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಒಬ್ಬರ ಕಿಸೆಯಲ್ಲಿ ಮೊಬೈಲು ಹಾಡತೊಡಗುತ್ತದೆ. ಇನ್ನೊಬ್ಬರು ಮಾವಾ ಅಗಿದು, ಮೊನ್ನೆ ಬಣ್ಣ ಹಚ್ಚಿದ ಗೋಡೆಯ ಮೂಲೆಗೆ ಉಗುಳುತ್ತಾರೆ. ಮತ್ತೊಬ್ಬರು ನಾಲ್ಕು ಜನರ ಮುಂದೆ, ಮಗಳ ಲಗ್ನವೇಕೆ ಇನ್ನೂ ಆಗಲಿಲ್ಲವೆಂದು ವಿಚಾರಿಸುತ್ತಾರೆ. ಕನ್ನಡ ಮರಾಠಿ ಎರಡೂ ಬೆರೆತ ನಮ್ಮ ಮಾತನ್ನು ಕೇಳಿ ನಗುವವರು ಎರಡೂ ಕಡೆಗಿದ್ದಾರೆ. ಇವೆಲ್ಲವನ್ನೂ ಸಹಿಸಬೇಕೇ? ಸಹಿಸುವುದೇ ಧರ್ಮವಾದರೆ, ತಿದ್ದುವವರು ಯಾರು? ಈ ಪ್ರಶ್ನೆಯನ್ನು ಕುರಿತು ನನಗೆ ತೋರಿದ ಎರಡು ಮಾತುಗಳನ್ನು ಭಕ್ತರ ಮುಂದಿಡುತ್ತೇನೆ.

ಗೀತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಭಗವಂತನು ತನಗೆ ಪ್ರಿಯನಾದ ಭಕ್ತನ ಲಕ್ಷಣವನ್ನು ಹೇಳುವಾಗ, ಯಾವನಿಂದ ಲೋಕವು ಉದ್ವೇಗಗೊಳ್ಳುವುದಿಲ್ಲವೋ ಹಾಗೂ ಲೋಕದಿಂದ ಯಾವನು ಉದ್ವೇಗಗೊಳ್ಳುವುದಿಲ್ಲವೋ ಅವನೆಂದು ಸೂಚಿಸುತ್ತಾನೆ. ಲೋಕವು ನಮ್ಮನ್ನು ಕಾಡಬಾರದೆಂಬ ಆಶೆ ನಮ್ಮೆಲ್ಲರಲ್ಲಿಯೂ ಇದೆ. ನಾವು ಲೋಕವನ್ನು ಕಾಡುತ್ತಿಲ್ಲವೇ ಎಂಬ ಶಂಕೆ ಮಾತ್ರ ಅಪರೂಪ. ಭಗವಂತನು ಅದನ್ನೇ ಮೊದಲು ಹೇಳಿದನೆಂಬುದು ಗಮನಿಸತಕ್ಕ ಸಂಗತಿ. ಎರಡನೆಯ ಶತಮಾನದಲ್ಲಿ ರೋಮ್ ಸಾಮ್ರಾಜ್ಯವನ್ನಾಳಿದ ಮಾರ್ಕಸ್ ಅರೇಲಿಯಸನೂ ತನ್ನ ಟಿಪ್ಪಣಿಗಳಲ್ಲಿ, ಇಂದು ನಾನು ಕೃತಘ್ನರನ್ನೂ ಗರ್ವಿಷ್ಠರನ್ನೂ ಪರರ ಕೆಲಸದಲ್ಲಿ ತಲೆಹಾಕುವವರನ್ನೂ ಸಂಧಿಸುವೆನೆಂದು ಬೆಳಗಿನಲ್ಲಿಯೇ ಮನಸ್ಸಿಗೆ ಹೇಳಿಕೊಳ್ಳಬೇಕೆಂದು ಬರೆದಿಟ್ಟಿದ್ದಾನೆ. ಅವರೂ ತನ್ನ ಬಂಧುಗಳೇ, ಎರಡು ಕೈಗಳಂತೆ ಕೂಡಿ ದುಡಿಯಲು ಹುಟ್ಟಿದವರೇ ಎಂಬುದು ಅವನ ಸಮಾಧಾನ. ಚಕ್ರವರ್ತಿಗೇ ತಪ್ಪದ ಪೀಡೆ ನಮಗೆ ತಪ್ಪೀತೇ?

ಅಷ್ಟು ದೂರ ಹೋಗುವುದೇಕೆ? ನಮ್ಮ ಬೋರಾಮಣಿಗೆ ಸಮೀಪದ ಸೊಲ್ಲಾಪುರವೇ ಹನ್ನೆರಡನೆಯ ಶತಮಾನದ ಸೊನ್ನಲಿಗೆ. ಅಲ್ಲಿ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುಗಳು ಬಂದ ಪ್ರಸಂಗವನ್ನು ಶೂನ್ಯಸಂಪಾದನೆಯು ವರ್ಣಿಸುತ್ತದೆ. ಪ್ರಭುಗಳು ಬೇಕೆಂದೇ ಸಿದ್ಧರಾಮರನ್ನು ವಡ್ಡನೆಂದು ಕರೆದರು. ಕೆಲಸದವರು ಕೆರಳಿ ಕಲ್ಲೆಸೆದರು. ಸುದ್ದಿ ತಿಳಿದು ಬಂದ ಸಿದ್ಧರಾಮರ ಹಣೆಗಣ್ಣಿನಿಂದ ಬೆಂಕಿ ಹೊರಟಿತು. ಪ್ರಭುಗಳು ಅದನ್ನು ಶಾಂತಗೊಳಿಸಿದರು. ಕೆರೆ ತೋಡಿಸುವಾತನನ್ನು ವಡ್ಡನೆಂದರೆ ಅದರಲ್ಲಿ ಅವಮಾನವೇನು? ಮಣ್ಣು ಹೊರುವ ಕಾಯಕ ಕೀಳೆಂಬ ಭಾವನೆ ಒಳಗೆ ಎಲ್ಲಿಯೋ ಉಳಿದಿದ್ದರೆ ತಾನೇ ಆ ಮಾತು ಚುಚ್ಚುವುದು! ಆ ಸಿಟ್ಟಿನಲ್ಲಿ ತಮ್ಮನ್ನು ತಾವು ಕಂಡುಕೊಂಡ ಸಿದ್ಧರಾಮರು ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದರು. ಇಂದಿಗೂ ಸಂಕ್ರಮಣದ ಜಾತ್ರೆಯಲ್ಲಿ ನಂದಿಧ್ವಜಗಳ ಹಿಂದೆ ನಡೆಯುವ ನಾವು ಈ ಕಥೆಯನ್ನು ನೆನೆಯುವುದು ಒಳಿತು. ಪರರ ಮಾತು ನಮಗೆ ಎಲ್ಲಿ ಚುಚ್ಚುತ್ತದೆಯೋ ಅಲ್ಲಿ ನಮ್ಮದೇ ಹುಣ್ಣೊಂದು ಇರುವ ಸಂಭವವುಂಟು.

ನನ್ನ ಅನುಭವವೊಂದನ್ನು ಲಜ್ಜೆಯಿಂದಲೇ ಹೇಳುತ್ತೇನೆ. ಲೆಕ್ಕ ಬರೆಯುವುದು ನನ್ನ ವೃತ್ತಿ. ಈ ಜೀರ್ಣೋದ್ಧಾರದ ದೇಣಿಗೆಯ ಕಿರ್ದಿಯೂ ನನ್ನ ಕೈಯಲ್ಲಿಯೇ ಇತ್ತು. ಒಂದು ಸಂಜೆ ವೃದ್ಧೆಯೊಬ್ಬಳು ಸೆರಗಿನ ಗಂಟು ಬಿಚ್ಚಿ ಐವತ್ತು ರೂಪಾಯಿ ಕೊಟ್ಟು, ಗುಡಿಯಲ್ಲಿಯೇ ಕುಳಿತು, ಸ್ವಲ್ಪ ಹೊತ್ತಿಗೊಮ್ಮೆ, “ಯಪ್ಪಾ, ನನ್ನ ಹೆಸರು ಬರದಿಯೇನು?” ಎಂದು ಕೇಳತೊಡಗಿದಳು. ಐದನೆಯ ಸಲ ನನ್ನ ತಾಳ್ಮೆ ತಪ್ಪಿತು. “ಬರದೀನಿ ಆಯಿ, ಎಷ್ಟ ಸಲ ಕೇಳ್ತಿ? ಹೋಗು ಮನೀಗೆ” ಎಂದು ಗದರಿದೆ. ಆಕೆ ಮಾತಾಡದೆ ಎದ್ದು ಹೋದಳು. ರಾತ್ರಿ ಜಮೆಯನ್ನು ಕೂಡಿಸಿದಾಗ ಐವತ್ತು ರೂಪಾಯಿ ಹೆಚ್ಚಾಗಿ ಬಂದಿತು. ಎರಡು ಸಲ, ಮೂರು ಸಲ ಕೂಡಿಸಿದೆ. ಆಕೆಯ ಹೆಸರು ಕಿರ್ದಿಯಲ್ಲಿ ಇರಲೇ ಇಲ್ಲ.

ಮರುದಿನ ಬೆಳಿಗ್ಗೆ ಪಾವತಿಯನ್ನು ಹಿಡಿದುಕೊಂಡು ಆಕೆಯ ಮನೆಗೆ ಹೋಗಿ ತಪ್ಪನ್ನು ಒಪ್ಪಿಕೊಂಡೆ. ಆಕೆ ಸಿಟ್ಟಾಗಲಿಲ್ಲ. “ನಿನಗ ಓದಾಕ ಬರ್ತದ, ಒಮ್ಮೆ ನೋಡಿದರ ಸಾಕು. ನನಗ ಓದಾಕ ಬರೂದಿಲ್ಲ, ಕೇಳಬೇಕಲ್ಲಪ್ಪಾ” ಎಂದಷ್ಟೇ ಹೇಳಿದಳು. ಯಾವುದನ್ನು ನಾನು ಆಕೆಯ ಕೆಟ್ಟ ಚಾಳಿಯೆಂದು ತಿಳಿದಿದ್ದೆನೋ ಅದು ಆಕೆಗಿದ್ದ ಒಂದೇ ದಾರಿಯಾಗಿತ್ತು. ಅಂದಿನಿಂದ ದೇಣಿಗೆ ಕೊಟ್ಟವರ ಮುಂದೆ ಹೆಸರನ್ನು ಗಟ್ಟಿಯಾಗಿ ಓದಿಯೇ ಬರೆದೆ. ಆಮೇಲೆ ಯಾರೂ ಎರಡನೆಯ ಸಲ ಕೇಳಲಿಲ್ಲ.

ಹಾಗೆಂದು ಎಲ್ಲವನ್ನೂ ಸಹಿಸಬೇಕೆಂದು ನಾನು ಹೇಳುತ್ತಿಲ್ಲ. ಪೈಠಣದ ಏಕನಾಥ ಮಹಾರಾಜರು ಗೋದಾವರಿಯಲ್ಲಿ ಮಿಂದು ಬರುವಾಗ ಒಬ್ಬನು ಮೇಲಿಂದ ಮೇಲೆ ಉಗುಳಿದನಂತೆ. ಅವರು ಪ್ರತಿ ಸಲವೂ ಸುಮ್ಮನೆ ಮರಳಿ ಮಿಂದರಂತೆ. ಅದೇ ಏಕನಾಥರು ಕಾದ ಮರಳಿನಲ್ಲಿ ಅಳುತ್ತಿದ್ದ ಅಸ್ಪೃಶ್ಯರ ಕೂಸನ್ನು ಕಂಡಾಗ, ಜನರೇನೆಂದಾರೆಂದು ಯೋಚಿಸದೆ ಎತ್ತಿಕೊಂಡು ಅದರ ಮನೆ ಮುಟ್ಟಿಸಿದರೆಂಬ ಕಥೆಯೂ ಇದೆ. ತಮಗಾದ ಅವಮಾನದಲ್ಲಿ ಸಹನೆ, ದುರ್ಬಲರಿಗಾದ ನೋವಿನಲ್ಲಿ ಅಸಹನೆ: ವಿವೇಕದ ಗೆರೆ ಇಲ್ಲಿಯೇ ಇದೆ. ಸಾಲಿನಲ್ಲಿ ನುಗ್ಗಿದವನಿಂದ ನನಗೆ ಎರಡು ನಿಮಿಷ ತಡವಾದರೆ ನಷ್ಟವಿಲ್ಲ. ಹಿಂದೆ ಕೂಸನ್ನೆತ್ತಿಕೊಂಡ ತಾಯಿ ನಿಂತಿದ್ದರೆ ಹೇಳಲೇಬೇಕು. ಧ್ವನಿವರ್ಧಕದ ವಿಷಯವೂ ಹಾಗೆಯೇ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದನ್ನು ಬಯಲಿನಲ್ಲಿ ಹಚ್ಚಬಾರದೆಂದು 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಿಧಿಸಿವೆ. ಹಬ್ಬದ ಕೆಲವು ದಿನಗಳಿಗೆ ಮಾತ್ರ ಸರಕಾರವು ಮಧ್ಯರಾತ್ರಿಯವರೆಗೆ ಸಡಿಲು ಕೊಡಬಹುದು. ಜ್ವರದಲ್ಲಿ ಮಲಗಿದವನಿಗೂ ಪರೀಕ್ಷೆಗೆ ಓದುವ ಬಾಲಕನಿಗೂ ನಮ್ಮ ಭಕ್ತಿ ಭಾರವಾಗಬಾರದು. ಆದರೆ ಹೇಳುವಾಗ ದೋಷವನ್ನು ಹೇಳಬೇಕು, ಮನುಷ್ಯನನ್ನು ಹೀಯಾಳಿಸಬಾರದು; ಒಬ್ಬನೇ ಇದ್ದಾಗ ಹೇಳಬೇಕು, ನಾಲ್ಕು ಜನರ ಮುಂದಲ್ಲ.

ಪರರ ತಪ್ಪುಗಳನ್ನು ನಾವು ಹೇಳದೆಯೇ ನೆನಪಿನ ಕಿರ್ದಿಯಲ್ಲಿ ಬರೆದಿಡುತ್ತೇವೆ. ನಮ್ಮಿಂದ ಪರರಿಗಾದ ಬೇಸರದ ಬಾಬು ಮಾತ್ರ ಬರೆಯದೆಯೇ ಉಳಿಯುತ್ತದೆ. ಇಂಥ ಲೆಕ್ಕ ಎಂದಿಗೂ ತಾಳೆ ಬೀಳಲಾರದೆಂಬುದನ್ನು ನಾನು ಆ ರಾತ್ರಿ ಕಲಿತೆನು. ಹಳೆಯ ಗುಡಿಗೆ ಹೊಸ ಕಳೆ ಬಂದ ಈ ಶುಭ ಸಂದರ್ಭದಲ್ಲಿ, ಒಬ್ಬರಿಗೊಬ್ಬರು ಭಾರವಾಗದೆ ಈ ಪ್ರಾಂಗಣದಲ್ಲಿ ಕೂಡಿ ಕುಳಿತುಕೊಳ್ಳುವ ಬುದ್ಧಿಯನ್ನು ದೇವರು ನಮ್ಮೆಲ್ಲರಿಗೂ, ಮೊಟ್ಟಮೊದಲು ನನಗೆ, ಕರುಣಿಸಲೆಂದು ಪ್ರಾರ್ಥಿಸಿ ಈ ಅಲ್ಪ ಲೇಖನವನ್ನು ಮುಗಿಸುತ್ತೇನೆ.