ಸಂಸ್ಕಾರಕ್ಕೊಂದು ಹದ

ಪುಕ್ಕಟೆಯಾಗಿ ಸಿಗುವುದನ್ನು ಪಡೆಯಲು ಸಿದ್ಧತೆ ಏಕೆ? ಕಥೋಲಿಕ ಕ್ರೈಸ್ತರ ಪ್ರವೇಶ ಸಂಸ್ಕಾರಗಳನ್ನು ತಿಳಿಯಹೊರಟವರಿಗೆ ಮೊದಲು ಎದುರಾಗುವ ಒಗಟು ಇದು. ದೇವರ ಕೃಪೆಯನ್ನು ಯಾರೂ ದುಡಿದು ಗಳಿಸಲಾರರು ಎನ್ನುತ್ತದೆ ಧರ್ಮಸಭೆ. ಅದೇ ಧರ್ಮಸಭೆ, ವಯಸ್ಕರೊಬ್ಬರು ಜ್ಞಾನಸ್ನಾನ ಬೇಕೆಂದು ಬಂದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯಿಸುತ್ತದೆ.

ಕಥೋಲಿಕರ ಸಂಸ್ಕಾರಗಳು ಏಳು. ಅವುಗಳಲ್ಲಿ ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ ಈ ಮೂರು ಹೊಸ್ತಿಲು ದಾಟಿಸುವಂಥವು. ನೀರಿನಿಂದ ಹೊಸ ಹುಟ್ಟು, ಪರಿಮಳ ತೈಲದ ಲೇಪನದಿಂದ ಪವಿತ್ರಾತ್ಮನ ಬಲ, ರೊಟ್ಟಿ ಮತ್ತು ದ್ರಾಕ್ಷಾರಸದ ರೂಪದಲ್ಲಿ ಕ್ರಿಸ್ತನೇ ಆಹಾರ. ಮೊದಲಿನ ಎರಡು ಅಳಿಸಲಾಗದ ಮುದ್ರೆ ಒತ್ತುತ್ತವೆ ಎಂಬ ನಂಬಿಕೆಯಿಂದ ಅವನ್ನು ಜೀವನದಲ್ಲಿ ಒಮ್ಮೆ ಮಾತ್ರ ಕೊಡುತ್ತಾರೆ. ಹುಟ್ಟು ಒಂದೇ ಸಲ, ಊಟ ದಿನಾ. ಹಾಗಾಗಿ ಪರಮಪ್ರಸಾದ ಮಾತ್ರ ಬದುಕಿಡೀ ನಡೆಯುತ್ತದೆ.

ಸಂಸ್ಕಾರವೆಂದರೆ ಬರೀ ಸಂಕೇತವಲ್ಲ. ತಾನು ಸೂಚಿಸಿದ್ದನ್ನು ಆಗಿಸಿಬಿಡುವ ಸಂಕೇತ. ನಮ್ಮ ಮದುವೆಗಳ ಧಾರೆಯನ್ನು ನೆನೆಯಿರಿ. ಧಾರೆಯ ನೀರು ಮದುವೆಯ ಚಿತ್ರ ಬರೆಯುವುದಿಲ್ಲ, ಮದುವೆಯನ್ನೇ ಮಾಡುತ್ತದೆ. ಧರ್ಮಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಅಲ್ಲಿ ಕೆಲಸ ಮಾಡುವವನು ಕ್ರಿಸ್ತನೇ, ಗುರುಗಳ ಕೈ ಬರೀ ನೆಪ. ನಾಲ್ಕನೆಯ ಶತಮಾನದ ಉತ್ತರ ಆಫ್ರಿಕದಲ್ಲಿ ದೊನಾತಿಸ್ಟರು, ಅಯೋಗ್ಯ ಗುರು ಕೊಟ್ಟ ಜ್ಞಾನಸ್ನಾನ ಸಲ್ಲದು ಎಂದು ಹಟ ಹಿಡಿದರು. ಸಂತ ಅಗಸ್ಟೀನ್ ಅದನ್ನು ಒಪ್ಪಲಿಲ್ಲ. ಕೊಡುವವನ ಕೈ ಮೈಲಿಗೆಯಾದರೂ ವರ ಕೆಡದು ಎಂಬ ಅವರ ನಿಲುವೇ ಮುಂದೆ ಧರ್ಮಸಭೆಯದೂ ಆಯಿತು.

ಹಾಗಾದರೆ ಪಡೆಯುವವನ ಪಾಲೇನು? ಇಲ್ಲಿ ನಮ್ಮ ರೈತರ ಮಾತೊಂದು ನೆರವಿಗೆ ಬರುತ್ತದೆ: ಹದ. ಉಳುಮೆಯಿಂದ ಮಳೆ ಬರುವುದಿಲ್ಲ. ಆದರೆ ಉಳದ ಗಟ್ಟಿ ನೆಲದ ಮೇಲೆ ಬಿದ್ದ ನೀರು ಹರಿದು ಹಳ್ಳ ಸೇರುತ್ತದೆ. ಸಂಸ್ಕಾರ ಸಲ್ಲುವುದು ನಮ್ಮ ಯೋಗ್ಯತೆಯಿಂದಲ್ಲ. ಅದು ಫಲ ಕೊಡುವುದು ಮಾತ್ರ ನಮ್ಮ ಹದವನ್ನು ನೋಡಿಕೊಂಡು. ಸಿದ್ಧತೆ ಕೃಪೆಗೆ ತೆರುವ ಬೆಲೆಯಲ್ಲ, ಅದು ಇಳಿಯಲು ಬಿಡುವ ಜಾಗ.

ಈ ಹದವನ್ನು ಆದಿ ಕ್ರೈಸ್ತರು ಅಳೆಯುತ್ತಿದ್ದ ಬಗೆ ಗಮನಿಸುವಂಥದ್ದು. ‘ಪ್ರೇಷಿತರ ಪರಂಪರೆ’ ಎಂಬ ಹಳೆಯ ಕೈಪಿಡಿ ಮೂರು ವರ್ಷದ ಕಲಿಕೆಯನ್ನು ವಿಧಿಸುತ್ತದೆ. ಜೊತೆಗೆ, ಆಸಕ್ತಿಯುಳ್ಳವನು ಬೇಗ ಹದಗೊಂಡರೆ ಕಾಲವನ್ನಲ್ಲ, ನಡತೆಯನ್ನು ನೋಡಿ ಎಂದೂ ಹೇಳುತ್ತದೆ. ಕೊನೆಗೆ ವಿಚಾರಿಸುವುದು ಬಾಯಿಪಾಠವನ್ನಲ್ಲ: ವಿಧವೆಯರನ್ನು ಗೌರವಿಸಿದನೇ? ರೋಗಿಗಳನ್ನು ನೋಡಲು ಹೋದನೇ?

ಒಳಗೆ ನಂಬಿಕೆ ಇದ್ದರೆ ಸಾಲದೇ, ನೀರು ಎಣ್ಣೆ ಏಕೆ ಎಂದು ಕೇಳಬಹುದು. ಇದೇ ಪ್ರಶ್ನೆಯನ್ನು ನಾಲ್ಕನೆಯ ಶತಮಾನದ ರೋಮ್‌ನಲ್ಲಿ ಮಾರಿಯಸ್ ವಿಕ್ಟೋರಿನಸ್ ಎಂಬ ಹೆಸರಾಂತ ಅಲಂಕಾರಶಾಸ್ತ್ರದ ಮೇಷ್ಟ್ರು ಕೇಳಿದ್ದರು. ತಾನು ಆಗಲೇ ಕ್ರೈಸ್ತನೆಂದು ಅವರು ಗೆಳೆಯ ಸಿಂಪ್ಲಿಸಿಯಾನಸ್‌ಗೆ ಗುಟ್ಟಾಗಿ ಹೇಳಿದರು. ದೇವಾಲಯದಲ್ಲಿ ನಿನ್ನನ್ನು ಕಾಣುವವರೆಗೆ ನಂಬೆ ಎಂದರು ಗೆಳೆಯ. ಗೋಡೆಗಳೇನು ಕ್ರೈಸ್ತನನ್ನು ಮಾಡುತ್ತವೆಯೇ ಎಂದು ವಿಕ್ಟೋರಿನಸ್ ನಕ್ಕರು. ನಿಜ ಸಂಗತಿ ಬೇರೆಯಿತ್ತು: ಪ್ರತಿಷ್ಠಿತ ಸ್ನೇಹಿತರ ಸಿಟ್ಟಿಗೆ ಅವರು ಹೆದರಿದ್ದರು. ಆ ಹೆದರಿಕೆ ಕಳೆದ ದಿನ ತಾವಾಗಿಯೇ ಹೊರಟು ಬಂದರು. ಖಾಸಗಿಯಾಗಿ ವಿಶ್ವಾಸ ಪ್ರಕಟಿಸಲು ಅವಕಾಶ ಕೊಟ್ಟರೂ ಬೇಡವೆಂದು ಎಲ್ಲರೆದುರು ನಿಂತರು. ಹೊರಗಿನ ಕ್ರಿಯೆ ಒಳಗಿನ ನಂಬಿಕೆಗೆ ಒಡವೆಯಲ್ಲ, ಅದು ಪಕ್ವವಾಯಿತೆಂಬ ಗುರುತು.

ಈ ಕಥೆ ಕೇಳಿ ಕಿಡಿ ಹೊತ್ತಿಸಿಕೊಂಡವರು ಅಗಸ್ಟೀನ್. 387ರ ಪಾಸ್ಖ (ಈಸ್ಟರ್) ಜಾಗರಣೆಯ ರಾತ್ರಿ ಮಿಲಾನ್‌ನಲ್ಲಿ, ಮಗ ಅದೆಯೋದಾತುಸ್ ಮತ್ತು ಗೆಳೆಯ ಅಲೀಪಿಯಸ್ ಜೊತೆ ಧರ್ಮಾಧ್ಯಕ್ಷ ಆಂಬ್ರೋಸ್ ಅವರಿಂದ ಜ್ಞಾನಸ್ನಾನ ಪಡೆದರು. ಆ ಎಂಟು ಮೂಲೆಯ ಸ್ನಾನಕೊಳದ ಅವಶೇಷ ಇಂದಿಗೂ ಮಿಲಾನ್ ಮಹಾದೇವಾಲಯದ ನೆಲದಡಿಯಲ್ಲಿದೆ.

ಶಿಶುಗಳಿಗೆ ಜ್ಞಾನಸ್ನಾನ ಕೊಡುವುದೇ ವಾಡಿಕೆಯಾದ ಮೇಲೆ ಪಶ್ಚಿಮದಲ್ಲಿ ಈ ಮೂರು ಸಂಸ್ಕಾರಗಳು ಚದುರಿದವು. ಮೊದಲ ಪರಮಪ್ರಸಾದಕ್ಕೆ ಸುಮಾರು ಏಳು ವರ್ಷ, ಅಂದರೆ ವಿವೇಕ ಮೂಡುವ ವಯಸ್ಸು ಸಾಕೆಂದು ಪೋಪ್ ಹತ್ತನೆಯ ಪಯಸ್ 1910ರಲ್ಲಿ ವಿಧಿಸಿದರು. ಮಗುವಿನ ಹದಕ್ಕೆ ಹೆತ್ತವರು ಮತ್ತು ಜ್ಞಾನ ತಂದೆತಾಯಿ ಹೊಣೆ. ವಯಸ್ಕರ ಹಳೆಯ ಕಲಿಕೆಯ ಕ್ರಮವನ್ನು ಎರಡನೆಯ ವ್ಯಾಟಿಕನ್ ಸಮ್ಮೇಳನ ಮತ್ತೆ ಊರ್ಜಿತಗೊಳಿಸಿತು. ಅದರ ವಿಧಿ 1972ರಲ್ಲಿ ಹೊರಬಂತು. ವಿಚಾರಣೆ, ಕಲಿಕೆ, ತಪಸ್ಸುಕಾಲದ ಶುದ್ಧೀಕರಣ, ಆಮೇಲೆ ಪಾಸ್ಖ ರಾತ್ರಿ ಮೂರೂ ಸಂಸ್ಕಾರಗಳು ಒಟ್ಟಿಗೆ.

ಆದರೆ ವಿಧಿ ಅಲ್ಲಿಗೆ ಮುಗಿಯುವುದಿಲ್ಲ. ಆಂಬ್ರೋಸ್ ಈ ಸಂಸ್ಕಾರಗಳ ಅರ್ಥವನ್ನು ಮೊದಲೇ ಬಿಡಿಸಿ ಹೇಳುತ್ತಿರಲಿಲ್ಲ. ಹೊಸಬರು ನೀರಿನಿಂದ ಎದ್ದು ಬಂದ ಮೇಲೆ, ಪಾಸ್ಖದ ವಾರದಲ್ಲಿ, ನಿಮಗೆ ಆದದ್ದು ಇದು ಎಂದು ವಿವರಿಸುತ್ತಿದ್ದರು. ಇಂದಿನ ವಿಧಿಯ ಕಡೆಯ ಹಂತವೂ ಅದೇ: ಪಾಠ ಶುರುವಾಗುವುದು ಪ್ರಸಾದ ಸ್ವೀಕರಿಸಿದ ಮೇಲೆ.